ಚಂದಾ ಕಟ್ಟಿಯೂ ನಮ್ಮದಾಗದ ಸಿನಿಮಾ

‘ಚಂದಾ’ ಪಾರ್ಸಿಯಿಂದ ಉರ್ದುವಿಗೆ ಬಂದು, ಅಲ್ಲಿಂದ ಕನ್ನಡದಲ್ಲಿ ಮನೆಮಾಡಿಕೊಂಡ ಪದ. ಮಸೀದಿಯ ಸುಣ್ಣಬಣ್ಣಕ್ಕೆ, ಮದ್ರಸದ ಉಸ್ತಾದರ ಸಂಬಳಕ್ಕೆ, ಊರಿನ ಹುಡುಗರ ಕ್ರಿಕೆಟ್ ಬ್ಯಾಟಿಗೆ ಎತ್ತುವುದು ಚಂದಾ. ಪತ್ರಿಕೆಗೆ ವರ್ಷಕ್ಕೊಮ್ಮೆ ಕಟ್ಟುವುದೂ ಚಂದಾ. ಕಟ್ಟಿದವನಿಗೆ ಅದರಿಂದ ಏನಾದರೊಂದು ಉಳಿಯುತ್ತಿತ್ತು. ಮಸೀದಿಯ ಗೋಡೆ ಉಳಿಯುತ್ತದೆ. ಪತ್ರಿಕೆ ನಿಂತೇಹೋದರೂ ಅಟ್ಟದ ಮೇಲೆ ದಾರ ಕಟ್ಟಿಟ್ಟ ಹಳೆಯ ಸಂಚಿಕೆಗಳು ಉಳಿಯುತ್ತವೆ. ಚಂದಾ ಅವಧಿ ಮುಗಿದ ಮರುದಿನ ಅಂಚೆಯಣ್ಣ ಬಾಗಿಲಿಗೆ ಬಂದು ಹಿಂದಿನ ಹನ್ನೆರಡು ಸಂಚಿಕೆಗಳನ್ನು ವಾಪಸು ಕೊಡಿ ಎಂದು ಕೇಳಿದ್ದನ್ನು ಯಾರೂ ಕಂಡಿಲ್ಲ.

ಇಂದು ಮೊಬೈಲಿನಲ್ಲಿ ಸಿನಿಮಾ ನೋಡಲು ನಾವು ಕಟ್ಟುತ್ತಿರುವ ಚಂದಾ ಈ ಜಾತಿಯದಲ್ಲ. ಹಣ ನಿಂತ ಗಳಿಗೆಗೆ ಕಪಾಟು ಖಾಲಿ. ಹಣ ನಿಲ್ಲದಿದ್ದರೂ ಕಪಾಟಿನಲ್ಲಿ ನಿನ್ನೆ ಇದ್ದದ್ದು ಇಂದು ಇರುತ್ತದೆಂಬ ಖಾತರಿಯಿಲ್ಲ. 2023ರ ಮಾರ್ಚ್ 31ಕ್ಕೆ ಡಿಸ್ನಿ ಪ್ಲಸ್ ಹಾಟ್‌ಸ್ಟಾರಿನಿಂದ ಎಚ್‌ಬಿಓದ ಸರಣಿಗಳೆಲ್ಲ ಒಟ್ಟಿಗೆ ಹೊರನಡೆದವು. ವರ್ಷದ ಹಣವನ್ನು ಮೊದಲೇ ಕಟ್ಟಿದ್ದವರು ಅದೇ ಸರಣಿಗಳನ್ನು ಇನ್ನೊಂದು ಕಂಪೆನಿಯ ಅಂಗಡಿಯಲ್ಲಿ ಹುಡುಕಬೇಕಾಯಿತು. ಆ ಎರಡು ಅಂಗಡಿಗಳೇ 2025ರ ಫೆಬ್ರವರಿಯಲ್ಲಿ ಒಂದಾಗಿ ಜಿಯೋಹಾಟ್‌ಸ್ಟಾರ್ ಆದವು. 2023ರಲ್ಲಿ ಐಪಿಎಲ್ ಪಂದ್ಯಗಳನ್ನು ಜಿಯೋ ಸಿನಿಮಾ ಪುಕ್ಕಟೆಯಾಗಿ ತೋರಿಸಿತ್ತು. ದೇಶಕ್ಕೆ ರುಚಿ ಹತ್ತಿದ ಮೇಲೆ, 2025ರ ಹೊತ್ತಿಗೆ, ಅದಕ್ಕೂ ಬೆಲೆಚೀಟಿ ಬಂತು. ಅಮೆಜಾನ್ ಪ್ರೈಮ್ ತನ್ನ ವಾರ್ಷಿಕ ಚಂದಾವನ್ನು 2021ರ ಡಿಸೆಂಬರಿನಲ್ಲಿ 999 ರೂಪಾಯಿಯಿಂದ 1499ಕ್ಕೆ ಏರಿಸಿತು. 2025ರ ಜೂನ್ 17ರಿಂದ ಸಿನಿಮಾದ ನಡುವೆ ಜಾಹೀರಾತು ತೂರಿಸಿತು. ಬೇಡವೆನ್ನುವವರು ವರ್ಷಕ್ಕೆ ಇನ್ನೂ 699 ರೂಪಾಯಿ ಕೊಡಬೇಕಂತೆ. ಜಾಹೀರಾತಿನ ಕಾಟದಿಂದ ತಪ್ಪಿಸಿಕೊಳ್ಳಲೆಂದೇ ಟಿವಿ ಬಿಟ್ಟು ಬಂದವರಿಗೆ ಅದೇ ಕಾಟವನ್ನು ಮತ್ತೆ ಮಾರಾಟಕ್ಕಿಡುವ ಈ ಜಾಣ್ಮೆಗೆ ಏನೆನ್ನಬೇಕು?

ಆದರೆ ದುಡ್ಡಿನ ಲೆಕ್ಕವನ್ನಷ್ಟೇ ಹಿಡಿದು ಕೂತರೆ ವಿಷಯ ಕೈತಪ್ಪುತ್ತದೆ. ನೆಟ್‌ಫ್ಲಿಕ್ಸ್ ಅದೇ 2021ರ ಡಿಸೆಂಬರಿನಲ್ಲಿ ಭಾರತದಲ್ಲಿ ತನ್ನ ದರವನ್ನು ಇಳಿಸಿತ್ತು, 499ರ ಚಂದಾವನ್ನು 199ಕ್ಕೆ ತಂದಿತ್ತು. ಅಗ್ಗವಾದ ಮಾತ್ರಕ್ಕೆ ಸಿಟ್ಟು ಇಳಿಯಲಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ಹಳೆಯದೊಂದು ಕನ್ನಡ ಸಿನಿಮಾ.

ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸು’ ಬಂದದ್ದು 2008ರಲ್ಲಿ. ಮೂಲ ವೈದೇಹಿ ಅವರ ಕಥೆ. ಕಥೆಯಲ್ಲಿದ್ದದ್ದು ಊರಿಗೆ ಬಂದ ಸಿನಿಮಾ ಟಾಕೀಸು. ಕಾಸರವಳ್ಳಿ ಅದನ್ನು ತೊಂಬತ್ತರ ದಶಕದ ಕೊನೆಗೆ ತಂದು, ಟಾಕೀಸಿನ ಜಾಗದಲ್ಲಿ ಡಿಶ್ ಆಂಟೆನಾ ಇರುವ ಬಣ್ಣದ ಟಿವಿಯನ್ನು ಕೂರಿಸಿದರು. ಗುಲಾಬಿ ಕುಂದಾಪುರದ ಕಡೆಯ ಮೀನುಗಾರರ ಕುದ್ರುವಿನಲ್ಲಿ ಒಂಟಿಯಾಗಿ ಬದುಕುವ ಮುಸ್ಲಿಂ ಸೂಲಗಿತ್ತಿ. ಗಂಡ ಮೂಸ ಬೇರೆ ಸಂಸಾರ ಹೂಡಿದ್ದಾನೆ. ಸಿನಿಮಾ ಎಂದರೆ ಪ್ರಾಣ ಬಿಡುವ ಅವಳಿಗೆ ಒಂದು ಹೆರಿಗೆ ಮಾಡಿಸಿದ್ದಕ್ಕೆ ಟಿವಿ ಸಿಗುತ್ತದೆ. ಆಗ ಅವಳ ಗುಡಿಸಲಿಗೆ ಮೊಗವೀರರ ಹೆಂಗಸರು ಬರತೊಡಗುತ್ತಾರೆ. ಮನೆಯಲ್ಲಿ ಟಿವಿ ಇದ್ದವರೂ, ಗಂಡಸರ ಕಣ್ಣು ತಪ್ಪಿಸಿ ನಾಲ್ಕು ಮಾತಾಡಲು ಜಾಗ ಬೇಕಾದವರೂ ಅಲ್ಲಿಗೆ ಬರುತ್ತಾರೆ. ಉಮಾಶ್ರೀ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು.

ಈ ಚಿತ್ರವನ್ನು ಜಾಗತೀಕರಣದ ವಿಮರ್ಶೆ ಎಂದೂ, ಕಾರ್ಗಿಲ್ ನಂತರ ಕರಾವಳಿಯಲ್ಲಿ ಹಬ್ಬಿದ ಕೋಮುವಾದದ ಕಥೆ ಎಂದೂ ಬೇಕಾದಷ್ಟು ಜನ ಬರೆದಿದ್ದಾರೆ. ಎರಡೂ ಸರಿಯೇ. ಆದರೆ ಈ ಚಿತ್ರದಲ್ಲಿ ಟಿವಿ ಖಳನಾಯಕನಲ್ಲ ಎಂಬುದನ್ನು ಹೆಚ್ಚು ಜನ ಗಮನಿಸಿದಂತಿಲ್ಲ. ತೆರೆಯ ಮೇಲೆ ಏನು ಬರುತ್ತದೆ ಎಂಬುದಕ್ಕಿಂತ ತೆರೆಯ ಮುಂದೆ ಯಾರು ಯಾರ ಪಕ್ಕ ಕೂತಿದ್ದಾರೆ ಎಂಬುದರ ಮೇಲೆ ಕಾಸರವಳ್ಳಿಯವರ ಕ್ಯಾಮೆರಾ ನಿಲ್ಲುತ್ತದೆ. ಒಂದು ಜಾತಿಯ ಬಾಣಂತನ ಮಾಡಿಸಿದ ಕೈಯ ಮನೆಯಲ್ಲಿ ಇನ್ನೊಂದು ಜಾತಿಯ ಹೆಂಗಸರು ಚಕ್ಕಳಮಕ್ಕಳ ಹಾಕಿ ಕೂರುವುದೇ ಅಲ್ಲಿನ ಸುದ್ದಿ. ಕೊನೆಗೆ ನೇತ್ರು ಎಂಬ ಸೊಸೆ ಕಾಣೆಯಾದ ನೆಪಕ್ಕೆ ಗುಲಾಬಿಯ ಮೇಲೆ ಅನುಮಾನ ಬೀಳುತ್ತದೆ, ಅವಳನ್ನು ದೋಣಿ ಹತ್ತಿಸಿ ಕುದ್ರುವಿನಿಂದ ಆಚೆ ಕಳಿಸುತ್ತಾರೆ. ಟಿವಿ ಮಾತ್ರ ಅಲ್ಲೇ ಉಳಿಯುತ್ತದೆ. ಕೂಡಿ ನೋಡಲು ಜಾಗ ಕೊಟ್ಟವಳು ಹೋಗಿ ಯಂತ್ರ ಉಳಿಯುವ ಆ ದೃಶ್ಯವನ್ನು ಇಂದು ನೋಡಿದರೆ ಮುಂದೆ ಬರಲಿರುವುದರ ಮುನ್ಸೂಚನೆಯಂತೆ ಕಾಣುತ್ತದೆ.

ಈಗಿನ ಕಂಪೆನಿಗಳ ನಿಯಮಗಳ ಪ್ರಕಾರ ಗುಲಾಬಿ ಮಾಡಿದ್ದು ಅಪರಾಧವಾಗುತ್ತಿತ್ತೋ ಏನೋ. 2023ರ ಜುಲೈ 20ರಂದು ನೆಟ್‌ಫ್ಲಿಕ್ಸ್ ಭಾರತದಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೆ ತಡೆ ಹಾಕಿತು. ಒಂದು ಖಾತೆ ಒಂದು ‘ಮನೆ’ಗೆ ಮಾತ್ರ. ಮನೆ ಎಂದರೇನು? ಖಾತೆದಾರ ಮುಖ್ಯವಾಗಿ ನೋಡುವ ಸ್ಥಳದಲ್ಲಿ ಒಂದೇ ಇಂಟರ್‌ನೆಟ್ ಸಂಪರ್ಕಕ್ಕೆ ಹೊಂದಿಕೊಂಡ ಉಪಕರಣಗಳ ಗುಂಪು! ಅಪ್ಪ ದಮ್ಮಾಮಿನಲ್ಲಿ, ಅಮ್ಮ ಉಳ್ಳಾಲದಲ್ಲಿ, ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಇರುವ ಕುಟುಂಬಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ? ನಲವತ್ತು ವರ್ಷಗಳಿಂದ ಗಲ್ಫಿನ ದುಡ್ಡಿನಲ್ಲಿ ಒಲೆ ಉರಿಯುವ ಮನೆಗಳವು. ಪಡಿತರ ಚೀಟಿಯಲ್ಲಿ, ನಿಕಾಹ್‌ನಾಮೆಯಲ್ಲಿ, ಮಯ್ಯತ್ತಿನಲ್ಲಿ ಅವರು ಒಂದೇ ಮನೆಯವರು. ವೈಫೈ ಡಬ್ಬಿ ಮಾತ್ರ ಅವರನ್ನು ಒಂದೇ ಮನೆಯವರೆಂದು ಒಪ್ಪುವುದಿಲ್ಲ. ವ್ಯಾಪಾರಿ ತನ್ನ ಸರಕಿಗೆ ಷರತ್ತು ಹಾಕಿಕೊಳ್ಳಲಿ, ತಕರಾರಿಲ್ಲ. ಮನೆ ಎಂಬ ಪದದ ಅರ್ಥವನ್ನೇ ಬದಲಿಸಲು ಹೊರಟಾಗ ಸಂಸ್ಕೃತಿಯ ವಿದ್ಯಾರ್ಥಿಗಳು ಸುಮ್ಮನಿರಬಾರದು.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಅಂಗೈಯಗಲದ ತೆರೆಯಿಂದ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸಿಕ್ಕ ಬಿಡುಗಡೆ ಸಣ್ಣದಲ್ಲ. ಟಾಕೀಸಿನ ಮೆಟ್ಟಿಲು ಹತ್ತಲು ಅಪ್ಪ, ಅಣ್ಣ, ಜಮಾಅತ್ತು ಎಂದು ಮೂರು ಕಡೆಯ ಒಪ್ಪಿಗೆ ಬೇಕಿದ್ದವಳು ಈಗ ಇಯರ್‌ಫೋನ್ ಸಿಕ್ಕಿಸಿಕೊಂಡು ಇರಾನಿನ ಸಿನಿಮಾ ನೋಡುತ್ತಾಳೆ. ‘ಸಿನಿಮಾ ಹರಾಮೋ ಹಲಾಲೋ’ ಎಂದು ನಮ್ಮ ಹಿರಿಯರು ಐವತ್ತು ವರ್ಷ ನಡೆಸಿದ ಚರ್ಚೆಯನ್ನು ಈ ಮೊಬೈಲು ಯಾರಿಗೂ ಹೇಳದೆ ಕೇಳದೆ ಬರಖಾಸ್ತು ಮಾಡಿತು. ಆದರೆ ಗುಲಾಬಿಯ ಗುಡಿಸಲಿನಲ್ಲಿ ಸಿಕ್ಕುತ್ತಿದ್ದ ಇನ್ನೊಂದು ಬಿಡುಗಡೆ, ಪಕ್ಕದಲ್ಲಿ ಕೂತವಳ ಮುಖ ನೋಡಿ ನಗುವುದು, ಈ ಚಂದಾದಲ್ಲಿ ಸೇರಿಲ್ಲ.

ಈಗ ಈ ವ್ಯವಹಾರದ ಸ್ವರೂಪಕ್ಕೆ ಬರೋಣ. ನಾನು ಮುಫ್ತಿಯಲ್ಲ, ಫತ್ವಾ ಕೊಡುತ್ತಿಲ್ಲ. ಆದರೆ ಫಿಕ್‌ಹ್ ಶಾಸ್ತ್ರದಲ್ಲಿ ‘ಗರರ್’ ಎಂಬ ಪರಿಕಲ್ಪನೆಯಿದೆ. ಏನು ಕೊಡುತ್ತಿದ್ದೇನೆ, ಎಷ್ಟು ಕೊಡುತ್ತಿದ್ದೇನೆ, ಕೊಡಲು ಆಗುತ್ತದೋ ಇಲ್ಲವೋ ಎಂಬ ಖಚಿತತೆ ಇಲ್ಲದ ಮಾರಾಟ ಅದು. ನೀರಿನಲ್ಲಿ ಈಜುತ್ತಿರುವ ಮೀನನ್ನು, ಆಕಾಶದಲ್ಲಿ ಹಾರುತ್ತಿರುವ ಹಕ್ಕಿಯನ್ನು ಮಾರುವುದನ್ನು ಶಾಸ್ತ್ರಜ್ಞರು ಉದಾಹರಣೆಯಾಗಿ ಕೊಡುತ್ತಾರೆ. ಮುಂದಿನ ತಿಂಗಳು ಯಾವ ಚಿತ್ರ ಇರುತ್ತದೆ, ಯಾವುದು ಹೋಗುತ್ತದೆ, ಜಾಹೀರಾತು ಬರುತ್ತದೋ ಇಲ್ಲವೋ ಎಂಬುದನ್ನು ತಾನೊಬ್ಬನೇ ತೀರ್ಮಾನಿಸುವ ಹಕ್ಕನ್ನು ಇಟ್ಟುಕೊಂಡು ವರ್ಷದ ಹಣವನ್ನು ಮುಂಗಡ ಪಡೆಯುವವನು ನೀರಿನ ಮೀನನ್ನೇ ಮಾರುತ್ತಿದ್ದಾನೆ. ಇದು ಮಾರಾಟವಲ್ಲ, ಬಾಡಿಗೆ ಎಂದು ಯಾರಾದರೂ ವಾದಿಸಬಹುದು. ಬಾಡಿಗೆಯಲ್ಲೂ ಪಡೆಯುವ ಉಪಯೋಗ ಗೊತ್ತಿರಬೇಕೆಂಬ ಷರತ್ತಿದೆ. ಬಾಡಿಗೆ ಮನೆಯ ಅಡುಗೆಕೋಣೆ ರಾತ್ರೋರಾತ್ರಿ ಕಾಣೆಯಾಗುವಂತಿಲ್ಲ. ಹಣ ಕೊಟ್ಟು ಕೊಂಡದ್ದೂ ಈ ಲೋಕದಲ್ಲಿ ಕಾಣೆಯಾಗಬಹುದು: 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯ ಪ್ರತಿಗಳನ್ನು ಹಕ್ಕುಸ್ವಾಮ್ಯದ ತೊಡಕಿನಿಂದಾಗಿ ಓದುಗರ ಕಿಂಡಲ್ ಯಂತ್ರದೊಳಗಿಂದಲೇ ಅಳಿಸಿಹಾಕಿತು. ಹಣ ವಾಪಸು ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಅಳಿಸುವ ಶಕ್ತಿ ಅವರ ಕೈಯಲ್ಲೇ ಉಳಿಯಿತು.

ಆ ಶಕ್ತಿ ಯಾವುದರ ಮೇಲೆ ಮೊದಲು ಬೀಳುತ್ತದೆ? 2021ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸ್ ‘ಪ್ಯಾಲೆಸ್ತೀನಿಯನ್ ಸ್ಟೋರೀಸ್’ ಎಂಬ ಹೆಸರಿನಲ್ಲಿ 32 ಚಿತ್ರಗಳ ಸಂಗ್ರಹವನ್ನು ತೆರೆಯಿತು. ಎಲಿಯಾ ಸುಲೇಮಾನ್, ಆನ್‌ಮೇರಿ ಜಾಸಿರ್ ಅವರಂಥ ನಿರ್ದೇಶಕರ ಚಿತ್ರಗಳು ಅದರಲ್ಲಿದ್ದವು. ಮೂರು ವರ್ಷದ ಪರವಾನಗಿ ಮುಗಿಯಿತೆಂದು 2024ರ ಅಕ್ಟೋಬರಿನಲ್ಲಿ ಅವುಗಳ ಬಹುಪಾಲನ್ನು ತೆಗೆದುಹಾಕಿತು. ಪರವಾನಗಿ ಮುಗಿದದ್ದು ನಿಜವೇ ಇರಬಹುದು. ಗಾಝಾದ ಮೇಲೆ ಬಾಂಬು ಬೀಳುತ್ತಿದ್ದ, ಜಗತ್ತಿಗೆ ಆ ಜನರ ಮುಖಗಳನ್ನು ನೋಡುವ ಅಗತ್ಯ ಎಲ್ಲಕ್ಕಿಂತ ಹೆಚ್ಚಿದ್ದ ತಿಂಗಳಲ್ಲೇ ಪರವಾನಗಿ ನವೀಕರಿಸುವ ಮನಸ್ಸಾಗಲಿಲ್ಲ ಎಂಬುದೂ ಅಷ್ಟೇ ನಿಜ. ಸಂಚು ನಡೆಯಿತೆಂದು ನಾನು ಹೇಳುವುದಿಲ್ಲ. ಈ ಏರ್ಪಾಡಿನಲ್ಲಿ ಸಂಚಿನ ಅಗತ್ಯವೇ ಬೀಳುವುದಿಲ್ಲ. ಸುಮ್ಮನಿದ್ದರೆ ಸಾಕು, ನೆನಪು ತಾನೇ ಅಳಿಯುತ್ತದೆ.

ನಮ್ಮ ದೇಶದ ಕಥೆ ಇನ್ನೂ ನೇರ. ನಯನತಾರಾ ನಟಿಸಿದ ತಮಿಳಿನ ‘ಅನ್ನಪೂರಣಿ’ ಸೆನ್ಸಾರ್ ಆಗಿ, 2023ರ ಡಿಸೆಂಬರ್ 1ರಂದು ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿ, ತಿಂಗಳ ಕೊನೆಗೆ ನೆಟ್‌ಫ್ಲಿಕ್ಸಿಗೆ ಬಂತು. ಅರ್ಚಕರ ಮನೆಯ ಹುಡುಗಿ ಮಾಂಸದಡುಗೆ ಕಲಿಯುವ ಕಥೆ, ಅವಳಿಗೊಬ್ಬ ಮುಸ್ಲಿಂ ಗೆಳೆಯ. ಬಲಪಂಥೀಯ ಸಂಘಟನೆಗಳು ‘ಲವ್ ಜಿಹಾದ್’ ಎಂದು ಬೊಬ್ಬೆ ಹಾಕಿ ದೂರು ಕೊಟ್ಟವು. 2024ರ ಜನವರಿಯಲ್ಲಿ ಚಿತ್ರ ಅಲ್ಲಿಂದ ಮಾಯವಾಯಿತು. ದಿಬಾಕರ್ ಬ್ಯಾನರ್ಜಿಯವರ ‘ತೀಸ್’ ಕಾಶ್ಮೀರಿ ಮೂಲದ ಒಂದು ಮುಸ್ಲಿಂ ಕುಟುಂಬದ ಮೂರು ತಲೆಮಾರುಗಳ ಕಥೆ. ನೆಟ್‌ಫ್ಲಿಕ್ಸೇ ಹಣ ಹಾಕಿ ಮಾಡಿಸಿತು, ಮಾಡಿಸಿ ಬಿಡುಗಡೆ ಮಾಡದೆ ಒಳಗಿಟ್ಟುಕೊಂಡಿತು. ಆ ಹಣದಲ್ಲಿ ಚಂದಾದಾರರ ಪಾಲೂ ಇದೆಯಲ್ಲವೇ? ಪಹಲ್‌ಗಾಮಿನ ಭಯೋತ್ಪಾದಕ ದಾಳಿಯ ನಂತರ, 2025ರ ಮೇ 8ರಂದು, ಪಾಕಿಸ್ತಾನ ಮೂಲದ ಸಿನಿಮಾ, ಧಾರಾವಾಹಿ, ಹಾಡುಗಳನ್ನೆಲ್ಲ ನಿಲ್ಲಿಸುವಂತೆ ಕೇಂದ್ರ ಸರಕಾರ ಈ ವೇದಿಕೆಗಳಿಗೆ ಸೂಚಿಸಿತು. ಯುದ್ಧಸನ್ನಿವೇಶದ ಆ ತೀರ್ಮಾನದ ಸರಿತಪ್ಪು ಬೇರೆ ಚರ್ಚೆ. ನನಗೆ ನೆನಪಾದದ್ದು ಎಂಬತ್ತರ ದಶಕ. ದುಬೈಯಿಂದ ರಜೆಯಲ್ಲಿ ಬಂದವರು ಹೆಗಲ ಮೇಲೆ ವಿಸಿಆರ್ ಹೊತ್ತು ತರುತ್ತಿದ್ದರು. ‘ಧೂಪ್ ಕಿನಾರೆ’, ‘ತನ್‌ಹಾಯಿಯಾಂ’ ಧಾರಾವಾಹಿಗಳ ಕ್ಯಾಸೆಟ್ಟುಗಳು ಉರ್ದು ಬಲ್ಲ ಮನೆಗಳಿಂದ ಮನೆಗೆ ಸುತ್ತುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು ಕಳ್ಳಪ್ರತಿಗಳೇ, ಮುಚ್ಚಿಡುವುದೇನಿದೆ. ಆದರೆ ಅಲಮಾರಿನೊಳಗಿನ ಆ ಕ್ಯಾಸೆಟ್ಟಿಗೆ ಯಾವ ಕಂಪೆನಿಯ ಕೈಯೂ ಯಾವ ಸರಕಾರದ ಸುತ್ತೋಲೆಯೂ ತಲುಪುತ್ತಿರಲಿಲ್ಲ.

ಹೀಗೆ ರೋಸಿಹೋದವರು ಈಗ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಟೆಲಿಗ್ರಾಮ್‌ನ ಗುಂಪುಗಳು, ದಿನಕ್ಕೊಂದು ವಿಳಾಸ ಬದಲಿಸುವ ಜಾಲತಾಣಗಳು. ನಮಾಝು ತಪ್ಪಿಸದ, ಅಂಗಡಿಯಲ್ಲಿ ಒಂದು ರೂಪಾಯಿ ಹೆಚ್ಚು ಚಿಲ್ಲರೆ ಬಂದರೂ ಹಿಂದಿರುಗಿಸುವ ಹುಡುಗರು ಈ ಲಿಂಕುಗಳನ್ನು ಸಲಾಮಿನಷ್ಟೇ ಸಲೀಸಾಗಿ ಹಂಚುತ್ತಾರೆ. ಕೇಳಿದರೆ, ಅದು ಕಳವಲ್ಲ, ಯಾರದ್ದೂ ಕಡಿಮೆಯಾಗಲಿಲ್ಲವಲ್ಲ ಎನ್ನುತ್ತಾರೆ. ಇದು ಪೂರ್ತಿ ಹೊಸ ವಾದವೇನಲ್ಲ. ಕೈಗೆ ಸಿಗದ ವಸ್ತುವಿನ ಮೇಲೆ ಒಡೆತನ ಹೇಗೆ ಎಂದು ಹಿಂದಿನ ತಲೆಮಾರಿನ ಕೆಲವು ಉಲಮಾಗಳೂ ಕೇಳಿದ್ದರು. ಆದರೆ 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ ಕೃತಿಸ್ವಾಮ್ಯ, ಪೇಟೆಂಟು, ವ್ಯಾಪಾರದ ಹೆಸರು ಇವೆಲ್ಲ ಶರೀಅತ್ ರಕ್ಷಿಸುವ ಹಕ್ಕುಗಳೇ, ಅವುಗಳ ಮೇಲೆ ಕೈಹಾಕಬಾರದು ಎಂದು ತೀರ್ಮಾನಿಸಿತು. ಕಾನೂನೂ ಬಿಗಿಯಾಗಿದೆ: 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಚಿತ್ರವನ್ನು ಕದ್ದು ಮುದ್ರಿಸಿ ಹಂಚುವವರಿಗೆ ಮೂರು ತಿಂಗಳಿಂದ ಮೂರು ವರ್ಷದ ಸೆರೆವಾಸವಿದೆ, ಮೂರು ಲಕ್ಷದಿಂದ ಶುರುವಾಗುವ ದಂಡವಿದೆ.

ಶಾಸ್ತ್ರವನ್ನೂ ಕಾನೂನನ್ನೂ ಬದಿಗಿಟ್ಟರೂ, ಆ ಪುಕ್ಕಟೆಯ ಬಿಲ್ಲನ್ನು ಯಾರು ಕಟ್ಟುತ್ತಿದ್ದಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಕಳ್ಳಪ್ರತಿಗಳನ್ನು ನೋಡಿದವರಿಗೆ ಗೊತ್ತು, ಹೀರೋ ಕಣ್ಣೀರಿಡುವ ಹೊತ್ತಿಗೆ ತೆರೆಯ ಅಡಿಯಲ್ಲಿ ಬೆಟ್ಟಿಂಗ್ ಆಪ್ ಒಂದರ ಪಟ್ಟಿ ಹಾದುಹೋಗುತ್ತದೆ. 2025ರ ನವೆಂಬರಿನಲ್ಲಿ ಹೈದರಾಬಾದ್ ಪೊಲೀಸರು ಐಬೊಮ್ಮ ಎಂಬ ಜಾಲತಾಣವನ್ನು ಮುಚ್ಚಿಸಿದಾಗ ಬೆಟ್ಟಿಂಗ್ ಆಪ್‌ಗಳ ನಂಟನ್ನೇ ಎತ್ತಿ ಹೇಳಿದರು. ಜೂಜಿನ ದುಡ್ಡಿನಲ್ಲಿ ನಡೆಯುವ ಉಚಿತ ಟಾಕೀಸು ಅದು. ಕಂಪೆನಿಯ ದುರಾಸೆಗೆ ಇದು ಪ್ರತಿರೋಧ ಎಂದು ಹೇಳಿಕೊಳ್ಳುವುದು ಆತ್ಮವಂಚನೆ. ಪೆಟ್ಟು ಬೀಳುವುದೂ ದೊಡ್ಡವರಿಗಲ್ಲ. ಕನ್ನಡದ ಸಣ್ಣ ಚಿತ್ರಗಳನ್ನು ಈ ವೇದಿಕೆಗಳು ಮೂಸಿಯೂ ನೋಡದ ಸ್ಥಿತಿಯಿದೆ. ರಕ್ಷಿತ್ ಶೆಟ್ಟಿಯವರಂಥ ಹೆಸರಾಂತ ನಟ-ನಿರ್ಮಾಪಕ ಕರಾವಳಿಯ ಕಥೆಗಳ ‘ಏಕಂ’ ಸರಣಿಯನ್ನು ಕೊಳ್ಳುವವರಿಲ್ಲದೆ ವರ್ಷಗಟ್ಟಲೆ ಇಟ್ಟುಕೊಂಡು, ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ಮಾಡಿ 149 ರೂಪಾಯಿಗೆ ತೋರಿಸಬೇಕಾಯಿತು. ಅಂಥದ್ದನ್ನು ಟೆಲಿಗ್ರಾಮಿನಲ್ಲಿ ನೋಡುವವನು ಕಳ್ಳನೇ, ನನ್ನ ಮಟ್ಟಿಗೆ ಅನುಮಾನವಿಲ್ಲ. ಒಬ್ಬ ನಿರ್ಮಾಪಕ ನೇರವಾಗಿ ಬೆಲೆ ಹೇಳಿ ನಿಂತಿರುವಾಗ ಕೊಡದೆ ಹೋಗುವುದಕ್ಕೂ, ಯಾವ ಅಂಗಡಿಯಲ್ಲೂ ಸಿಗದ ಚಿತ್ರವನ್ನು ಹುಡುಕಿ ನೋಡುವುದಕ್ಕೂ ವ್ಯತ್ಯಾಸವಿದೆ ಎಂದು ಮಾತ್ರ ಹೇಳುತ್ತೇನೆ.

ಆ ವ್ಯತ್ಯಾಸ ನನಗೆ ಎದುರಾದದ್ದು ಹೀಗೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರ ‘ಕರಿ ನಾಗರಗಳು’ ಕಥೆಯನ್ನು ಮೊದಲ ಸಲ ಓದಿದ ಹುಡುಗಿಯರು, ಅದನ್ನೇ ಆಧರಿಸಿ ಕಾಸರವಳ್ಳಿ ಮಾಡಿದ ‘ಹಸೀನಾ’ ಎಲ್ಲಿ ಸಿಗುತ್ತದೆ ಎಂದು ಕೇಳತೊಡಗಿದರು. 2004ರ ಚಿತ್ರ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಮುಂದೆ ಬಂದು ಕೂರುವ ಕಥೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ನಮ್ಮ ಜಮಾಅತ್ತುಗಳು ಕನ್ನಡಿಯ ಮುಂದೆ ನಿಂತಂತೆ ನೋಡಬೇಕಾದ ಚಿತ್ರವದು. ನಾನು ಹಣ ಕಟ್ಟುತ್ತಿದ್ದ ಮೂರು ವೇದಿಕೆಗಳಲ್ಲಿ ಹುಡುಕಿದೆ. ಮೂರರಲ್ಲೂ ಸಿಗಲಿಲ್ಲ. ಒಂದು ವೇದಿಕೆ ಅದರ ಬದಲಿಗೆ, ನನಗೆ ಇಷ್ಟವಾಗಬಹುದೆಂದು, ಒಂದು ಕೊಲೆಗಾರನ ಕಥೆಯನ್ನು ಮುಂದಿಟ್ಟಿತು. ಅಷ್ಟರಲ್ಲಿ ಗೆಳೆಯರೊಬ್ಬರು ಎಲ್ಲಿಂದಲೋ ಒಂದು ಕಡತ ಕಳಿಸಿದರು. ತೆರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾರೋ ಎಂದೋ ಟಿವಿಯಿಂದ ಮುದ್ರಿಸಿಟ್ಟುಕೊಂಡದ್ದು, ಬಣ್ಣ ಕಳೆದುಕೊಂಡಿತ್ತು, ಮೂಲೆಯಲ್ಲಿ ಚಾನೆಲ್ಲಿನ ಮುದ್ರೆಯಿತ್ತು. ಆ ಅನಾಮಿಕ ಮನುಷ್ಯ ಮುದ್ರಿಸಿಡದಿದ್ದರೆ ಆ ರಾತ್ರಿ ನನ್ನ ಪಾಲಿಗೆ ‘ಹಸೀನಾ’ ಇರುತ್ತಿರಲಿಲ್ಲ. ಅವನನ್ನು ಕಳ್ಳ ಎನ್ನಲು ಬಾಯಿ ಬರಲಿಲ್ಲ. ಅದೇ ಕಡತವನ್ನು ಆ ಹುಡುಗಿಯರಿಗೆ ದಾಟಿಸಲು ಕೈಯೂ ಬರಲಿಲ್ಲ.

ದಾರಿಗಳಿಲ್ಲವೆಂದಲ್ಲ. ಕೇರಳ ಸರಕಾರ 2024ರ ಮಾರ್ಚ್ 7ರಂದು ಸಿ ಸ್ಪೇಸ್ ಎಂಬ ತನ್ನದೇ ವೇದಿಕೆ ತೆರೆಯಿತು. ಅಲ್ಲಿ ತಿಂಗಳ ಚಂದಾ ಇಲ್ಲ. ನೋಡಬೇಕಾದ ಚಿತ್ರಕ್ಕೆ 75 ರೂಪಾಯಿ ಕೊಟ್ಟು ನೋಡಿದರಾಯಿತು, ಏನು ಕೊಂಡೆ ಎಂಬುದು ಕೊಂಡವನಿಗೆ ಗೊತ್ತಿರುತ್ತದೆ. ನಮ್ಮ ಮುಖ್ಯಮಂತ್ರಿಗಳೂ 2025ರ ಮಾರ್ಚಿನ ಬಜೆಟ್ಟಿನಲ್ಲಿ ಕನ್ನಡಕ್ಕೊಂದು ವೇದಿಕೆ ಮಾಡುವುದಾಗಿ, ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ ಕೊಡುವುದಾಗಿ ಘೋಷಿಸಿದರು. ಸರಕಾರಿ ವೇದಿಕೆಯಲ್ಲಿ ನಾಳೆ ಬೇರೆ ಸರಕಾರ ಬಂದರೆ ಯಾವ ಚಿತ್ರ ಉಳಿಯುತ್ತದೆ ಎಂಬ ಅಂಜಿಕೆ ನನಗೂ ಇದೆ. ಭಂಡಾರದ ಮಾತು ಮಾತ್ರ ಹಿಡಿಸಿತು.

ಅದಕ್ಕಿಂತ ಹಳೆಯ ದಾರಿಯೊಂದು ಹೆಗ್ಗೋಡಿನಲ್ಲಿದೆ. ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲಿ ನೀನಾಸಮ್ ಚಿತ್ರಸಮಾಜದ ಮೂಲಕ ಜಗತ್ತಿನ ದೊಡ್ಡ ಚಿತ್ರಗಳನ್ನು ಅಡಿಕೆ ತೋಟದ ನಡುವಿನ ಹಳ್ಳಿಯವರಿಗೆ ತೋರಿಸಿದರು. ನಮ್ಮ ಸಮುದಾಯದಲ್ಲಿ ಅಂಥದ್ದೊಂದು ಹುಟ್ಟಲಿಲ್ಲ, ಸಿನಿಮಾವನ್ನು ಬಾಗಿಲ ಹೊರಗೇ ನಿಲ್ಲಿಸಿದ್ದರಿಂದ ಅದರೊಂದಿಗೆ ಜಗಳವಾಡುವುದನ್ನೂ ನಾವು ಕಲಿಯಲಿಲ್ಲ. ‘ಹಸೀನಾ’ದ ಹಕ್ಕು ಹೊಂದಿರುವವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ಒಳ್ಳೆಯ ಪ್ರತಿ ತರಿಸಿ, ಒಂದು ಸಂಜೆ ಎಲ್ಲಾದರೂ ತೋರಿಸಬಹುದೇ ಎಂದು ನಾವು ಕೆಲವರು ಈಗ ವಿಚಾರಿಸುತ್ತಿದ್ದೇವೆ. ಮೂರು ವೇದಿಕೆಗಳ ಪೈಕಿ ಎರಡಕ್ಕೆ ಕಟ್ಟುತ್ತಿದ್ದ ಹಣವನ್ನು ನಾನು ಅದಕ್ಕೆಂದು ತೆಗೆದಿಟ್ಟಿದ್ದೇನೆ. ಸಭಾಂಗಣದ ಬಾಡಿಗೆ ಸಿಕ್ಕರೂ ಇನ್ನೊಂದು ವಿಷಯ ಇತ್ಯರ್ಥವಾಗಬೇಕು. ಹೆಂಗಸರನ್ನು ಪರದೆಯ ಹಿಂದೆ ಕೂರಿಸೋಣ ಎನ್ನುತ್ತಾರೆ ಒಬ್ಬ ಹಿರಿಯರು. ಈ ಚಿತ್ರಕ್ಕೆ ಹೆಂಗಸರು ಮುಂದಿನ ಸಾಲಿನಲ್ಲಿರಬೇಕು ಎಂದು ನಾನು ಹಟ ಹಿಡಿದಿದ್ದೇನೆ. ಮಾತುಕತೆ ನಡೆದಿದೆ.